ಐಸ್ ಗಡ್ಡೆಯ ನಡುವಿನ ನೀರು

ಚಿಂತಾಮಣಿಯ ಹೊರಗೆ ಮುರಳಿಮೋಹನ್ ಅವರ ಐಸ್ ಫ್ಯಾಕ್ಟರಿಯಲ್ಲಿ ಅಬ್ದುಲ್ ರಹೀಮರು ಮೂವತ್ತೆಂಟು ವರ್ಷ ಗಡ್ಡೆ ತೆಗೆದರು. ಇಷ್ಟು ವರ್ಷಗಳಲ್ಲಿ ಅವರ ಕೈಯಿಂದ ಒಂದೇ ಒಂದು ಕೆಟ್ಟ ಗಡ್ಡೆಯೂ ಹೊರಗೆ ಹೋಗಿರಲಿಲ್ಲ. ಕಬ್ಬಿನ ಹಾಲಿನ ಅಂಗಡಿಯವರು, ಮದುವೆ ಛತ್ರದವರು, ಮೀನಿನ ಗಾಡಿಯವರು ಎಲ್ಲರೂ ಅದನ್ನು ಬಲ್ಲರು. ರಹೀಮರ ಗಡ್ಡೆಯ ಹಿಂದೆ ದಿನಪತ್ರಿಕೆ ಹಿಡಿದರೆ ಈ ಕಡೆಯಿಂದ ಓದಬಹುದು ಎಂಬುದು ಊರಿನಲ್ಲಿ ಒಂದು ಮಾತು.

ಐಸ್ ಮಾಡುವುದು ನೋಡಲು ಸುಲಭದ ಕೆಲಸ. ಎತ್ತರದ ತಗಡಿನ ಡಬ್ಬಗಳಿಗೆ ನೀರು ತುಂಬಿ, ಅವನ್ನು ದೊಡ್ಡ ಉಪ್ಪುನೀರಿನ ತೊಟ್ಟಿಯೊಳಗೆ ಇಳಿಬಿಡುತ್ತಾರೆ. ತೊಟ್ಟಿಯ ಮೇಲೆ ಮರದ ಹಲಗೆ ಮುಚ್ಚಿರುತ್ತಾರೆ. ಡಬ್ಬದ ನೀರು ಗೋಡೆಯ ಕಡೆಯಿಂದ ಒಳಮುಖವಾಗಿ ಹೆಪ್ಪುಗಟ್ಟುತ್ತಾ ಹೋಗುತ್ತದೆ. ಆದರೆ ಹೆಪ್ಪುಗಟ್ಟುವ ನೀರು ಬಹಳ ಮಡಿವಂತ. ತನ್ನನ್ನು ಬಿಟ್ಟು ಬೇರೆ ಏನನ್ನೂ ಒಳಗೆ ಸೇರಿಸುವುದಿಲ್ಲ. ಬೋರ್‌ವೆಲ್ ನೀರಿನ ಉಪ್ಪು, ಸುಣ್ಣ, ಮಣ್ಣು, ಫ್ಲೋರೈಡ್ ಎಲ್ಲವನ್ನೂ ಮುಂದೆ ಮುಂದೆ ತಳ್ಳುತ್ತದೆ. ಕೊನೆಗೆ ನಡುವೆ ಒಂದು ಹಿಡಿ ಅಗಲದ ನೀರು ಉಳಿಯುತ್ತದೆ. ಇಡೀ ಡಬ್ಬದ ಕಸವೆಲ್ಲ ಅದರಲ್ಲಿರುತ್ತದೆ. ಹಾಗೆಯೇ ಬಿಟ್ಟರೆ ಅದು ಬಾಳೆದಿಂಡಿನ ತಿರುಳಿನಂತೆ ಬೆಳ್ಳಗೆ ಗಟ್ಟಿಯಾಗುತ್ತದೆ, ನಾಲಗೆಗೆ ಕಹಿ. ಅದಕ್ಕೇ ಒಳ್ಳೆಯ ಕೆಲಸಗಾರ ಹೊತ್ತು ನೋಡಿ ಪೈಪು ಇಳಿಸಿ ಆ ನೀರನ್ನು ಹೀರಿ, ಮೋರಿಗೆ ಬಿಟ್ಟು, ಅಲ್ಲಿಗೆ ಸೋಸಿದ ನೀರು ತುಂಬುತ್ತಾನೆ. ಇದಕ್ಕೆ ತಿರುಳು ತೆಗೆಯುವುದು ಎಂದು ಹೆಸರು. ಹೊತ್ತು ತಪ್ಪದೆ ತಿರುಳು ತೆಗೆಯುವುದರಲ್ಲಿ ರಹೀಮರನ್ನು ಮೀರಿಸುವವರು ಇರಲಿಲ್ಲ.

ಆ ಕೆಲಸ ಅವರಿಂದ ಕಿತ್ತುಕೊಂಡದ್ದು ಕಿವಿಯನ್ನು. ಕಂಪ್ರೆಸರ್‌ನ ಸದ್ದು ಎಡಗಿವಿಯನ್ನು ಪೂರ್ತಿ ತಿಂದಿತ್ತು, ಬಲಗಿವಿಯನ್ನು ಅರ್ಧ. ಹೆಂಡತಿ ನೂರುನ್ನೀಸಾ ಇದ್ದಷ್ಟು ಕಾಲ ಅಂಗಿಯ ತೋಳು ಎಳೆದು, ಕೈ ಆಡಿಸಿ, ಬಲಗಡೆಗೆ ಬಂದು ಮಾತನಾಡುತ್ತಿದ್ದರು. ಆಕೆ ತೀರಿಕೊಂಡು ಆರು ವರ್ಷವಾಯಿತು. ಮಕ್ಕಳಿರಲಿಲ್ಲ. ಆಮೇಲೆ ಜನರು ರಹೀಮರ ಜೊತೆ ಆಡುವ ಮಾತು ಬಹಳ ಚಿಕ್ಕದಾಯಿತು. "ಎಷ್ಟು ಗಡ್ಡೆ?" "ಬೇಗ!" "ಚಾ ಬಂತು!" ಇವಿಷ್ಟನ್ನು ಕೂಗಿ ಹೇಳಬಹುದು. ಸುಖದುಃಖವನ್ನು ಕೂಗಿ ಹೇಳಲು ಯಾರಿಗೆ ಆಗುತ್ತದೆ? ಫೋನಂತೂ ಅವರ ಪಾಲಿಗೆ ಗಂಟೆ ತಿಳಿಯುವ ಪೆಟ್ಟಿಗೆ ಅಷ್ಟೆ.

ಇಂಥವರ ಬಳಿಗೆ ವಾರಕ್ಕೊಮ್ಮೆ, ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಒಬ್ಬರು ಮಾತನಾಡಲೆಂದೇ ಬರುತ್ತಿದ್ದರು. ಅವರು ಜಂಗಮಕೋಟೆಯ ಕಡೆಯವರು, ಚಿಂತಾಮಣಿಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ ನರಸಿಂಹಪ್ಪ ಮೇಷ್ಟ್ರು. ನಿವೃತ್ತಿಗೆ ಒಂದು ವರ್ಷ ಇರುವಾಗ ಮೊದಲ ಸಲ ಬಂದದ್ದು, ಮಕ್ಕಳಿಗೆ ತೋರಿಸಲು ಒಂದು ಐಸ್ ಗಡ್ಡೆ ಕೇಳಿಕೊಂಡು.

"ಒಂದು ಗಡ್ಡೆ ಬೇಕಿತ್ತು ಸಾಬ್ರೇ. ಆದ್ರೆ ಒಳ್ಳೇದು ಬೇಡ. ಕೆಟ್ಟದ್ದು ಕೊಡಿ."

ರಹೀಮರು ಬಲಗಿವಿ ಮುಂದೆ ಮಾಡಿ ಇನ್ನೊಮ್ಮೆ ಕೇಳಿಸಿಕೊಂಡರು. ಮುಖ ಕೆಂಪಾಯಿತು. "ಕೆಟ್ಟದ್ದು ನಮ್ಮಲ್ಲಿ ಮಾಡಲ್ಲ ಮೇಷ್ಟ್ರೇ. ಬೇಕಾದ್ರೆ ಬೇರೆ ಕಡೆ ವಿಚಾರ್ಸಿ."

"ಕೋಪ ಮಾಡ್ಕೋಬೇಡ್ರಿ. ನೀವು ಮೋರಿಗೆ ಸುರೀತೀರಲ್ಲ, ನಡುವಿನ ನೀರು? ನನಗೆ ಬೇಕಾಗಿರೋ ಕಥೆ ಇರೋದೇ ಅದ್ರಲ್ಲಿ."

"ನಾನಿರೋವರ್ಗೂ ಇಲ್ಲಿಂದ ಕೆಟ್ಟ ಗಡ್ಡೆ ಹೋಗಲ್ಲ."

ಮೇಷ್ಟ್ರು ನಕ್ಕರು. ಅಲ್ಲಿಯೇ ಒಂದು ಸ್ಟೂಲು ಎಳೆದುಕೊಂಡು, ರಹೀಮರ ಬಲಗಡೆ ಕುಳಿತರು. ಯಾವ ಕಡೆ ಕುಳಿತುಕೊಳ್ಳಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ; ಮೂವತ್ತು ವರ್ಷ ಮಕ್ಕಳ ಮುಖ ನೋಡಿ ಪಾಠ ಮಾಡಿದವರು, ನೋಡಿ ತಿಳಿದುಕೊಂಡರು. ಅಂದಿನಿಂದ ಹನ್ನೊಂದು ವರ್ಷ ಆ ಸ್ಟೂಲು ಅವರದೇ ಆಯಿತು. ಬಂದ ಕೂಡಲೇ "ಏನ್ ಸಾಬ್ರೇ, ಕೆಟ್ಟ ಗಡ್ಡೆ ಇದ್ಯಾ?" ಎನ್ನುವುದು, "ನಾನಿರೋವರ್ಗೂ ಇಲ್ಲ" ಎಂದು ರಹೀಮರು ಗದರುವುದು. ಆಮೇಲೆ ಚಾ.

ಒಂದು ದಿನ ಮೇಷ್ಟ್ರು ಕೇಳಿದರು. "ಸಾಬ್ರೇ, ನಿಮ್ಮ ಕಾಲ ಕೆಳಗೆ ಏನಿದೆ?"

"ಹಲಗೆ."

"ಹಲಗೆ ಕೆಳಗೆ?"

"ಉಪ್ಪುನೀರು."

"ಎಷ್ಟು ತಣ್ಣಗಿದೆ?"

"ಐಸ್‌ಗಿಂತ ಹತ್ತು ಡಿಗ್ರಿ ಕೆಳಗೆ."

"ಮತ್ಯಾಕೆ ಹೆಪ್ಪುಗಟ್ಟಿಲ್ಲ?"

"ಉಪ್ಪಿದೆಯಲ್ಲ ಮೇಷ್ಟ್ರೇ! ಇದೊಂದು ಪ್ರಶ್ನೆನಾ?"

"ಇದೇ ಪ್ರಶ್ನೆ ಕಣ್ರೀ!" ಎಂದು ಮೇಷ್ಟ್ರು ತೊಡೆ ತಟ್ಟಿದರು. "ಮೇಲೆ ಗಟ್ಟಿ ಮುಚ್ಚಳ, ಕೆಳಗೆ ಕತ್ತಲೆ, ಕತ್ತಲೇಲಿ ಉಪ್ಪುನೀರು. ಗುರುಗ್ರಹಕ್ಕೆ ಒಂದು ಚಂದ್ರ ಇದೆ, ಯೂರೋಪಾ ಅಂತ. ಅದೂ ನಿಮ್ಮ ತೊಟ್ಟಿ ಥರಾನೇ. ಮೇಲೆ ಹಲಗೆ ಬದ್ಲು ಮೈಲಿಗಟ್ಟಲೆ ಐಸ್. ಅದರ ಕೆಳಗಿರೋ ನೀರು ನಮ್ಮ ಭೂಮಿ ಸಮುದ್ರ ಎಲ್ಲ ಸೇರಿಸಿದರೂ ಅದಕ್ಕಿಂತ ಎರಡರಷ್ಟು ಇರಬಹುದು ಅಂತ ಲೆಕ್ಕ. ಅದರ ಮೇಲೆ ಯಾರೂ ನಡೆದಿಲ್ಲ. ನೀವು ದಿನಾ ಚಪ್ಪಲಿ ಹಾಕ್ಕೊಂಡು ನಡೀತೀರ!"

ರಹೀಮರು ಕೆಳಗೆ ನೋಡಿದರು. ಮೂವತ್ತು ವರ್ಷ ತುಳಿದ ಹಲಗೆ. ಅಂದು ಮೊದಲ ಸಲ ಅದರ ಮೇಲೆ ಕಾಲು ಮೆಲ್ಲಗಿಟ್ಟರು.

"ಅಲ್ಲಿ ಬಿಸಿಲೇ ಇಲ್ಲವಲ್ಲ ಮೇಷ್ಟ್ರೇ, ಅಷ್ಟು ದೂರ. ಉಪ್ಪೊಂದರಿಂದ ಎಷ್ಟು ದಿನ ತಡೆಯುತ್ತೆ?"

ಮೇಷ್ಟ್ರಿಗೆ ಬೇಕಾದದ್ದು ಇಂಥ ಪ್ರಶ್ನೆಯೇ. ನೆಲದ ಮೇಲೆ ಬಿದ್ದಿದ್ದ ಕಟ್ಟುತಂತಿಯ ತುಂಡೊಂದನ್ನು ಎತ್ತಿಕೊಂಡು ಹತ್ತಿಪ್ಪತ್ತು ಸಲ ಆ ಕಡೆ ಈ ಕಡೆ ಬಗ್ಗಿಸಿ, ಬಾಗಿದ ಜಾಗವನ್ನು ರಹೀಮರ ಕೆನ್ನೆಗೆ ಒತ್ತಿದರು. ಚುರ್ ಎಂದಿತು. "ಗುರು ಆ ಚಂದ್ರನ್ನ ಹಿಂಗೇ ಹಿಂಡ್ತಾ ಇರ್ತಾನೆ. ಹತ್ರ ಬಂದಾಗ ಜೋರಾಗಿ, ದೂರ ಹೋದಾಗ ಸಡಿಲ. ಬೆಂಕಿ ಬೇಡ, ಬಿಸಿಲು ಬೇಡ. ಒಳಗೇ ಒಲೆ ಹತ್ಕೊಳತ್ತೆ. ಒಲೆ ಇದೆ, ನೀರಿದೆ, ತಳದ ಕಲ್ಲಿಂದ ಬರೋ ಹಿಟ್ಟೂ ಇರಬಹುದು. ಮೂರೂ ಇರೋ ಮನೇಲಿ ಜೀವ ಅನ್ನೋ ಮುದ್ದೆ ಆಗಿದೆಯೋ ಇಲ್ವೋ, ಒಳಗೆ ಹೋಗಿ ನೋಡಬೇಕೋ ಬೇಡವೋ?"

ಊರಿನಲ್ಲಿ ಇದನ್ನು ಕೇಳುವವರಿರಲಿಲ್ಲ. ಒಮ್ಮೆ ಮಾಲೀಕ ಮುರಳಿಮೋಹನ್ ಬಾಗಿಲಲ್ಲಿ ನಿಂತು ಕೇಳಿ, ಬಿದ್ದು ಬಿದ್ದು ನಕ್ಕರು. "ಮನಕೇ ನೀಳ್ಳು ಲೇವು, ಅಕ್ಕಡ ನೀಳ್ಳೆಂದುಕು ಸಾರೂ? ನಮಗೇ ನೀರಿಲ್ಲ, ಅಲ್ಲೀ ನೀರ್ಯಾಕೆ? ನಮ್ಮ ನಲ್ಲೀಲಿ ಎಂಟು ದಿನಕ್ಕೊಂದ್ಸಲ ಬರತ್ತೆ. ಗುರುಗ್ರಹದಿಂದ ಒಂದು ಪೈಪ್‌ಲೈನ್ ಎಳೆಸಿಬಿಡಿ!" ಮೇಷ್ಟ್ರೂ ನಕ್ಕರು. ಮಾಲೀಕರು ಹೋದ ಮೇಲೆ ಮೇಷ್ಟ್ರು ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. "ನೀವೊಬ್ಬರೇ ಸಾಬ್ರೇ ಕೇಳೋದು" ಎಂದರು.

ಹೀಗಿರುವಾಗ ಕಳೆದ ಮಳೆಗಾಲದ ಕೊನೆಯಲ್ಲಿ ಮೇಷ್ಟ್ರು ಓಡುತ್ತಲೇ ಬಂದರು. ಚಿಕ್ಕಬಳ್ಳಾಪುರದ ವಿಜ್ಞಾನ ಶಿಕ್ಷಕರ ಬಳಗದವರು ಫೆಬ್ರವರಿಯ ವಿಜ್ಞಾನ ದಿನಕ್ಕೆ ಅವರ ಉಪನ್ಯಾಸ ಇಟ್ಟುಕೊಂಡಿದ್ದರು. ವಿಷಯ: ದೊಡ್ಡ ಗ್ರಹಗಳ ಐಸ್ ಚಂದ್ರರ ಬಳಿಗೆ ನಾವು ಏಕೆ ಹೋಗಬೇಕು.

"ಎರಡು ನೌಕೆ ಈಗಾಗ್ಲೇ ದಾರೀಲಿವೆ. ಮೊದಲನೇದು ಎರಡು ಸಾವಿರದ ಮೂವತ್ತಕ್ಕೆ ಮುಟ್ಟತ್ತೆ. ಆ ಹೊತ್ತಿಗೆ ನಮ್ಮ ಮಕ್ಕಳಿಗೆ ಗೊತ್ತಿರಬೇಡವಾ, ಅದ್ಯಾಕೆ ಹೋಯ್ತು ಅಂತ? ಸಾಬ್ರೇ, ಈಗಲಾದ್ರೂ ಒಂದು ಕೆಟ್ಟ ಗಡ್ಡೆ ಕೊಡ್ರಿ. ಹಸೀ ಬೋರ್ ನೀರಿನದು. ತಿರುಳು ತೆಗೀಬಾರ್ದು. ಅದನ್ನ ಒಡೆದು ತೋರಿಸಿ ಹೇಳ್ಬೇಕು, ನೀರಿನ ಗುಟ್ಟು ಐಸಲ್ಲಿಲ್ಲ, ಐಸು ಮುಚ್ಚಿಟ್ಟಿರೋದ್ರಲ್ಲಿದೆ ಅಂತ."

ರಹೀಮರು ಗಡ್ಡ ಕೆರೆದುಕೊಂಡರು. "ಆಯ್ತು. ಗಡ್ಡೆ ನಂದು, ಮಾತು ನಿಮ್ದು."

ಸಂಕ್ರಾಂತಿ ಕಳೆದ ಎರಡನೆಯ ವಾರ ಮೇಷ್ಟ್ರು ಬೆಳಿಗ್ಗೆ ಹೂವಿನ ಗಿಡಕ್ಕೆ ನೀರು ಹಾಕುತ್ತಿದ್ದವರು ಹಾಗೆಯೇ ಕುಸಿದು ಹೋದರು. ಎಪ್ಪತ್ತು ವರ್ಷ.

ಮುಂದಿನ ಭಾನುವಾರ ಹತ್ತು ಗಂಟೆಗೆ ಕೆಲಸದ ಆವುಲಪ್ಪ ಸ್ಟೂಲನ್ನು ಎತ್ತಿ ಒಳಗಿಡಲು ಹೋದನು. ರಹೀಮರು ಬೇಡವೆಂದರು. ಆ ದಿನ ಅವರಿಗೆ ಯಾರ ಮಾತೂ ಕೇಳಿಸಲಿಲ್ಲ. ಕೇಳಿಸುವಂಥದ್ದನ್ನು ಯಾರೂ ಆಡಲೂ ಇಲ್ಲ.

ಫೆಬ್ರವರಿಯ ಮೊದಲಲ್ಲಿ ಭಾನುಪ್ರಿಯಾ ಎಂಬ ತರುಣ ಶಿಕ್ಷಕಿ ಚಿಕ್ಕಬಳ್ಳಾಪುರದಿಂದ ಬಂದರು. ಬಳಗದ ಕಾರ್ಯದರ್ಶಿ, ಮೇಷ್ಟ್ರ ಹಳೆಯ ವಿದ್ಯಾರ್ಥಿನಿ. ಫೋನು ಮಾಡಿ ಮಾಡಿ ಸಾಕಾಗಿ ಬಸ್ಸು ಹತ್ತಿ ಬಂದಿದ್ದರು. ಬಲಗಡೆ ಬಗ್ಗಿ ಗಟ್ಟಿಯಾಗಿ ಹೇಳಿದರು:

"ಅಂಕಲ್, ಉಪನ್ಯಾಸ ಕ್ಯಾನ್ಸಲ್ ಮಾಡಿದೀವಿ. ಆ ಹೊತ್ತಿಗೆ ಸರ್‌ಗೆ ಶ್ರದ್ಧಾಂಜಲಿ ಇಟ್ಕೋತೀವಿ. ಅವರು ಐಸ್ ವಿಚಾರ ಹೇಳಿದ್ರು. ಬೇಡ ಅಂತ ಹೇಳಿ ಹೋಗಣ ಅಂತ ಬಂದೆ."

"ಮೇಷ್ಟ್ರು ಬರೆದಿಟ್ಟಿರ್ತಾರಲ್ಲಮ್ಮ. ಅದನ್ನ ಯಾರಾದ್ರೂ ಓದಿ."

ಭಾನುಪ್ರಿಯಾ ತಲೆಯಲ್ಲಾಡಿಸಿದರು. ಮೇಷ್ಟ್ರ ಹೆಂಡತಿ ಚಿಕ್ಕವೆಂಕಟಮ್ಮನವರು ಬೀರು, ಪೆಟ್ಟಿಗೆ, ಅಟ್ಟ ಎಲ್ಲ ಹುಡುಕಿದ್ದರು. ಹಳೆಯ ಬಸ್ ಟಿಕೆಟ್ಟುಗಳು, ಹಾಜರಿ ಪುಸ್ತಕಗಳು, ಒಂದು ಒಡೆದ ಭೂತಗನ್ನಡಿ ಸಿಕ್ಕಿದವು. ಉಪನ್ಯಾಸ ಸಿಗಲಿಲ್ಲ. ಮೇಷ್ಟ್ರು ಯಾವ ಪಾಠವನ್ನೂ ಬರೆದಿಟ್ಟುಕೊಂಡವರಲ್ಲ. ಬರೆದಿಟ್ಟರೆ ಮಾತು ತಂಗಳಾಗುತ್ತದೆ ಎನ್ನುತ್ತಿದ್ದರು.

ರಹೀಮರು ಹಲಗೆಯ ಮೇಲೆ ಎರಡು ಹೆಜ್ಜೆ ಆ ಕಡೆ, ಎರಡು ಹೆಜ್ಜೆ ಈ ಕಡೆ ನಡೆದರು. ಹನ್ನೊಂದು ವರ್ಷದ ಭಾನುವಾರಗಳು. ಹಾಗಾದರೆ ಅದೆಲ್ಲ ಈಗ ಇರುವುದು ಒಂದೇ ಜಾಗದಲ್ಲಿ, ಈ ಅರ್ಧ ಹಾಳಾದ ಬಲಗಿವಿಯ ಒಳಗೆ. ತಾನೂ ಒಂದು ದಿನ ಹೋದರೆ ಅದೂ ಹೋಯಿತು.

"ನಾನ್ ಹೇಳ್ತೀನಿ" ಎಂದರು.

"ಏನಂಕಲ್?"

"ಮೇಷ್ಟ್ರ ಮಾತು. ಏಳನೇ ಕ್ಲಾಸು ಓದಿರೋದು ನಾನು. ಆದ್ರೂ ಹೇಳ್ತೀನಿ. ಗಡ್ಡೆ ಸಮೇತ ಬರ್ತೀನಿ."

ಹೇಳಿದ ಮೇಲೆ ಅವರಿಗೇ ಭಯವಾಯಿತು. ಹತ್ತು ಜನರ ಮುಂದೆ ನಿಂತು ಮಾತನಾಡಿ ಗೊತ್ತಿಲ್ಲದ ಮನುಷ್ಯ. ತನ್ನ ಧ್ವನಿ ಎಷ್ಟು ಜೋರಾಗಿದೆ ಎಂಬುದೂ ತನಗೆ ತಿಳಿಯದು. ಅಂದಿನಿಂದ ಅವರು ನಡೆಯುವಾಗ, ಉಣ್ಣುವಾಗ, ಡಬ್ಬ ತೊಳೆಯುವಾಗ ತುಟಿ ಅಲ್ಲಾಡಿಸತೊಡಗಿದರು. ಒಲೆ, ನೀರು, ಹಿಟ್ಟು. ಬಗ್ಗಿಸಿದ ತಂತಿ. ಶನಿಯ ಚಂದ್ರ. ಆವುಲಪ್ಪ ಮುರಳಿಮೋಹನರಿಗೆ ದೂರು ಹೇಳಿದನು: "ಸಾಬ್ರು ಡಬ್ಬದ ಜೊತೆ ಮಾತಾಡ್ತವ್ರೆ ಸಾರ್."

ಉಪನ್ಯಾಸಕ್ಕೆ ಎರಡು ದಿನ ಮೊದಲು, ತೊಟ್ಟಿಯ ಮೂಲೆಯ ಡಬ್ಬಕ್ಕೆ ರಹೀಮರು ಸೋಸದ ಬೋರ್‌ವೆಲ್ ನೀರು ತುಂಬಿದರು. ಅದರ ತಿರುಳನ್ನು ಮಾತ್ರ ತೆಗೆಯಬಾರದು. ಜೀವಮಾನದಲ್ಲಿ ಮೊದಲ ಕೆಟ್ಟ ಗಡ್ಡೆ. ಗುರುತಿಗೆಂದು ಡಬ್ಬದ ಕಿವಿಗೆ ಒಂದು ಕೆಂಪು ದಾರ ಕಟ್ಟಿದರು.

ಹೊರಡುವ ದಿನ ಬೆಳಿಗ್ಗೆ ಅವರು ಸ್ನಾನ ಮಾಡಿ, ಯಾವುದೋ ಮದುವೆಗೆಂದು ನೂರುನ್ನೀಸಾ ಹೊಲಿಸಿಕೊಟ್ಟಿದ್ದ ಬೂದು ಬಣ್ಣದ ಕೋಟು ತೊಟ್ಟು ಬರುವಷ್ಟರಲ್ಲಿ ಆವುಲಪ್ಪ ಕೆಂಪು ದಾರದ ಗಡ್ಡೆಯನ್ನು ತೆಗೆದು, ಭತ್ತದ ಹೊಟ್ಟು ಸುರಿದು, ಗೋಣಿ ಸುತ್ತಿ, ಡ್ರೈವರ್ ಚಿರಂಜೀವಿಯ ಗೂಡ್ಸ್ ಆಟೋಗೆ ಏರಿಸಿದ್ದನು.

"ಮದ್ವೆ ಗಂಡು ಬಂದ ನೋಡಪ್ಪ!" ಎಂದು ಆವುಲಪ್ಪ ಕೂಗಿದ್ದು ರಹೀಮರಿಗೂ ಕೇಳಿಸಿತು. "ಹೆಣ್ಣು ಹಿಂದ್ಗಡೆ ಗೋಣೀಲಿ ಕೂತವ್ಳೆ. ಕರಗೋದ್ರೊಳಗೆ ತಾಳಿ ಕಟ್ಬಿಡಿ ಸಾಬ್ರೇ!"

ಶಿಡ್ಲಘಟ್ಟದ ಮೇಲೆ ಹಾದು ಹತ್ತೂವರೆಗೆ ಚಿಕ್ಕಬಳ್ಳಾಪುರ ಸೇರಿದರು. ಶಾಲೆಯ ಸಭಾಂಗಣದಲ್ಲಿ ಐವತ್ತು ಅರವತ್ತು ಶಿಕ್ಷಕರು, ಹಿಂದಿನ ಸಾಲುಗಳಲ್ಲಿ ಪ್ರೌಢಶಾಲೆಯ ಮಕ್ಕಳು. ಮೇಜಿನ ಮೇಲೆ ಮೇಷ್ಟ್ರ ಫೋಟೋ, ಅದಕ್ಕೊಂದು ಸೇವಂತಿಗೆ ಹಾರ. ನಾಲ್ಕು ಜನ ಸೇರಿ ಗಡ್ಡೆಯನ್ನು ವೇದಿಕೆಯ ಮೇಲಿನ ತಗಡಿನ ತಟ್ಟೆಗೆ ಇಳಿಸಿದರು. ಭಾನುಪ್ರಿಯಾ ನಾಲ್ಕು ಮಾತು ಹೇಳಿ ರಹೀಮರ ಕಡೆ ಕೈ ತೋರಿಸಿದರು. ರಹೀಮರು ಗೋಣಿ ಬಿಚ್ಚಿ, ಹೊಟ್ಟು ಒರೆಸಿ, ಒಂದು ಚೊಂಬು ನೀರು ಸುರಿದರು.

ಸಭೆ ಚಪ್ಪಾಳೆ ತಟ್ಟಿತು. ಎತ್ತರದ ಕಿಟಕಿಯಿಂದ ಬಂದ ಬೆಳಕು ಗಡ್ಡೆಯನ್ನು ತೂರಿಕೊಂಡು ಆ ಕಡೆಯ ಗೋಡೆಯ ಮೇಲೆ ಬಿದ್ದಿತು. ಒಂದು ಗುಳ್ಳೆಯಿಲ್ಲ, ಒಂದು ಎಳೆಯಿಲ್ಲ. ಗಡ್ಡೆಯ ಹಿಂದಿದ್ದ ಫೋಟೋದಲ್ಲಿ ಮೇಷ್ಟ್ರ ಕನ್ನಡಕದ ಕಡ್ಡಿ ಕೂಡ ಕಾಣುತ್ತಿತ್ತು.

ರಹೀಮರು ಬಗ್ಗಿ ಗಡ್ಡೆಯ ನಡುವೆ ನೋಡಿದರು. ತಿರುಳು ಎಲ್ಲಿ?

ಆಗ ನೆನಪಾಯಿತು. ನಿನ್ನೆ ಸಂಜೆ ಐದು ಗಂಟೆ. ಪೈಪು ಹಿಡಿದುಕೊಂಡು ಸಾಲಿನ ಉದ್ದಕ್ಕೂ ಹೋಗಿದ್ದರು. ಬಾಯಲ್ಲಿ ಉಪನ್ಯಾಸ ಓಡುತ್ತಿತ್ತು, "ಸಭೆಗೆ ನಮಸ್ಕಾರ" ಎಂಬಲ್ಲಿಂದ. ಬಾಯಿ ಅದರ ಪಾಡಿಗೆ ಮಾತನಾಡಿತು. ಕೈ ಅದರ ಪಾಡಿಗೆ ಮೂವತ್ತೆಂಟು ವರ್ಷದ ಕೆಲಸ ಮಾಡಿತು. ಡಬ್ಬದಿಂದ ಡಬ್ಬಕ್ಕೆ, ಕೊನೆಗೆ ಮೂಲೆಗೆ. ಕೆಂಪು ದಾರ ಕೈಗೆ ತಗುಲಿದ್ದೂ ಈಗ ನೆನಪಿಗೆ ಬಂತು. ತಗುಲಿತ್ತು, ಬೆರಳಿನಿಂದ ಅದನ್ನು ಆ ಕಡೆ ಸರಿಸಿ, ಪೈಪು ಇಳಿಸಿ, ಹೀರಿ, ಸೋಸಿದ ನೀರು ತುಂಬಿದ್ದರು.

ಭಾನುಪ್ರಿಯಾ ಸಭಾಕಂಪನವೆಂದು ತಿಳಿದು ನೀರಿನ ಲೋಟ ತಂದರು. ರಹೀಮರು ಕುಡಿಯಲಿಲ್ಲ. ಬಾಯಿಪಾಠ ಮಾಡಿದ ಮೊದಲ ಸಾಲೂ ಹೋಗಿತ್ತು.

"ತಪ್ಪಾಗಿದೆ" ಎಂದರು. ಧ್ವನಿ ಬಹಳ ಜೋರಾಗಿ ಬಂದಿತು. ಮುಂದಿನ ಸಾಲಿನವರು ಬೆಚ್ಚಿದರು. "ಚಪ್ಪಾಳೆ ತಟ್ಟಬೇಡಿ. ಇದು ಒಳ್ಳೇ ಗಡ್ಡೆ. ಮೇಷ್ಟ್ರು ಕೇಳಿದ್ದು ಕೆಟ್ಟದ್ದು. ಹನ್ನೊಂದು ವರ್ಷ ಕೇಳಿದ್ರು. ಈ ಸಲ ಕೊಡ್ತೀನಿ ಅಂದಿದ್ದೆ. ಅಭ್ಯಾಸಬಲ, ನಿನ್ನೆ ಅದರ ತಿರುಳು ತೆಗೆದು ಮೋರಿಗೆ ಬಿಟ್ಟೆ."

ಕೆಲವರು ಮುಸಿಮುಸಿ ನಕ್ಕರು. ರಹೀಮರು ತಿರುಳು ಎಂದರೇನೆಂದು ಹೇಳಿದರು. ತಮ್ಮ ಕೆಲಸವಾದ್ದರಿಂದ ಅದನ್ನು ಹೇಳಲು ತಡವರಿಸಬೇಕಾಗಲಿಲ್ಲ.

"ನಮ್ಮ ಬೋರ್ ನೀರಲ್ಲಿ ಏನಿತ್ತು ಅಂತ ಈ ಗಡ್ಡೆ ನೋಡಿ ಯಾರಾದ್ರೂ ಹೇಳಿ ನೋಡಣ? ಆಗಲ್ಲ. ಐಸ್ ಹೇಳಲ್ಲ. ಹೇಳೋದು ಚಿಂತಾಮಣಿ ಮೋರೀಲಿದೆ." ಈಗ ಎಲ್ಲರೂ ನಕ್ಕರು. ರಹೀಮರಿಗೆ ನಗು ಕೇಳಿಸಲಿಲ್ಲ, ಹಲ್ಲುಗಳು ಕಂಡವು. "ಶನಿಗೆ ಒಂದು ಪುಟ್ಟ ಚಂದ್ರ ಇದೆ. ಎನ್ಸೆಲಾಡಸ್. ಇಲ್ಲಿಂದ ಬೆಳಗಾವಿ ಎಷ್ಟು ದೂರವೋ ಅಷ್ಟೇ ಅದರ ಅಗಲ. ಮೈಯೆಲ್ಲ ಐಸ್. ತೆಂಕಣ ತುದೀಲಿ ಐಸ್ ಸೀಳಿದೆ. ಅದರೊಳಗಿಂದ ನಡುವಿನ ನೀರು ಮೇಲಕ್ಕೆ ಚಿಮ್ತಾ ಇದೆ. ನಾನು ಪೈಪಲ್ಲಿ ಹೀರಿ ಮೋರಿಗೆ ಬಿಡ್ತೀನಿ. ಅದು ತಾನಾಗೇ ಆಕಾಶಕ್ಕೆ ಬಿಡ್ತಾ ಇದೆ. ಕೊರೆಯೋದು ಬೇಡ, ಇಳಿಯೋದು ಬೇಡ, ಹಾದುಹೋದ್ರೆ ಸಾಕು. ಒಂದು ನೌಕೆ ಹಾಗೆ ಹಾದುಹೋಯ್ತು. ಉಪ್ಪು ಸಿಕ್ತು. ಜಲಜನಕ ಸಿಕ್ತು. ಅದು ಕಳಿಸಿದ್ದನ್ನೇ ಆಮೇಲೆ ಜಾಲಾಡಿ ರಂಜಕಾನೂ ಕಂಡುಹಿಡಿದ್ರು. ಆದ್ರೆ ಆ ನೌಕೆ ಹೊರಟಾಗ ಅಲ್ಲಿ ಇಂಥ ಚಿಲುಮೆ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಜೀವ ಇದೆಯಾ ಅಂತ ನೋಡೋ ಸಾಮಾನು ತಗೊಂಡು ಹೋಗಿರಲಿಲ್ಲ. ಬಾಗಿಲವರ್ಗೂ ಹೋಗಿ, ಒಲೆ ಹೊಗೆ ನೋಡಿ, ವಾಪಸ್ ಬಂದಂಗಾಯ್ತು. ಅದಕ್ಕೇ ಇನ್ನೊಂದ್ಸಲ ಹೋಗ್ಬೇಕು ಅಂತಿದ್ರು ಮೇಷ್ಟ್ರು."

ಹೀಗೆ ಇಪ್ಪತ್ತು ನಿಮಿಷ ಮಾತನಾಡಿದರು. ತಂತಿ ಬಗ್ಗಿಸಿ ಮುಂದಿನ ಸಾಲಿನವರೊಬ್ಬರ ಕೆನ್ನೆಗೂ ಇಟ್ಟರು. ಕೆಲವು ಕಡೆ ಎಡವಿದರು. ಎಡವಿದಲ್ಲಿ "ಮೇಷ್ಟ್ರಾಗಿದ್ರೆ ಚೆನ್ನಾಗಿ ಹೇಳೋರು" ಎಂದು ಮುಂದೆ ಹೋದರು.

ಪ್ರಶ್ನೆಗಳ ಹೊತ್ತು ಬಂದಾಗ ಭಾನುಪ್ರಿಯಾ ಒಂದು ಉಪಾಯ ಮಾಡಿದರು. ಕೇಳಿದವರ ಪ್ರಶ್ನೆಯನ್ನು ಕರಿಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದರು. ರಹೀಮರು ಅಕ್ಷರ ಕೂಡಿಸಿ ಓದಿ, ಸಭೆಯ ಕಡೆ ತಿರುಗಿ ಉತ್ತರ ಹೇಳಬೇಕು.

ಮೊದಲು ಎದ್ದವರು ಗೌರಿಬಿದನೂರಿನ ಹರಿಕೃಷ್ಣ ಮೇಷ್ಟ್ರು. "ನಮ್ಮ ತಾಲೂಕಿನ ನೀರು ಕುಡಿದು ಮಕ್ಕಳ ಹಲ್ಲು ಕಂದುಗಟ್ಟಿವೆ. ಮೊದಲು ಇದನ್ನ ನೋಡಬಾರ್ದಾ ಸ್ವಾಮಿ? ಅಷ್ಟು ದೂರದ ನೀರು ಕಟ್ಕೊಂಡು ಏನಾಗ್ಬೇಕು?" ಭಾನುಪ್ರಿಯಾ ಬರೆದರು: ನಮ್ಮ ನೀರು ಮೊದಲಲ್ಲವೇ?

"ಹೌದು" ಎಂದರು ರಹೀಮರು. "ನಮ್ಮ ನೀರೇ ಮೊದಲು. ಅಲ್ಲಿಗೆ ಹೋದ್ರೆ ನಮ್ಮ ನಲ್ಲೀಲಿ ನೀರು ಬರಲ್ಲ. ಬರತ್ತೆ ಅಂತ ಮೇಷ್ಟ್ರು ಯಾವತ್ತೂ ಹೇಳಲಿಲ್ಲ. ಆದ್ರೆ ಸಾರ್, ನಮ್ಮ ನೀರು ಕೆಟ್ಟದ್ದು ಅಂತ ಗೊತ್ತಾಗಿದ್ದು ಹೆಂಗೆ? ಕಣ್ಣಿಗೆ ಕಾಣಲಿಲ್ಲ. ಯಾರೋ ಶೀಶೇಲಿ ತುಂಬ್ಕೊಂಡು ಹೋಗಿ ನೋಡಿದ್ರು. ನೀರನ್ನ ಹಂಗೆ ನೋಡೋರು ನಮಗೆ ಇನ್ನೂ ಬೇಕು. ಇವತ್ತು ಅಲ್ಲೀ ನೀರಿನ ಕಥೆ ಕೇಳಿ, ಈ ಮಕ್ಕಳಲ್ಲಿ ಯಾರಾದ್ರೂ ನಾಳೆ ಇಲ್ಲೀ ನೀರು ನೋಡಬಹುದು. ಎರಡಕ್ಕೂ ಬೇಕಾಗಿರೋದು ಒಂದೇ ಕಣ್ಣು."

ಹರಿಕೃಷ್ಣ ಮೇಷ್ಟ್ರು ಒಪ್ಪಿದರೋ ಇಲ್ಲವೋ, ಕುಳಿತುಕೊಂಡರು.

ಎರಡನೆಯ ಪ್ರಶ್ನೆ: ಮಂಗಳ ಹತ್ತಿರವಿದೆಯಲ್ಲ, ಅಲ್ಲಿ ಜೀವ ಹುಡುಕಿದರೆ ಸಾಲದೇ?

ರಹೀಮರ ಮುಖ ಅರಳಿತು; ಇದು ಅವರಿಗೆ ಚೆನ್ನಾಗಿ ನೆನಪಿದ್ದ ಭಾನುವಾರ. "ಮಂಗಳಕ್ಕೂ ನಮಗೂ ಕಲ್ಲು ಹೋಗಿ ಬಂದಿದೆ. ಅಲ್ಲಿಂದ ಸಿಡಿದು ಇಲ್ಲಿ ಬಿದ್ದ ಕಲ್ಲು ಸಿಕ್ಕಿವೆ. ಕಲ್ಲು ಬಂದ್ರೆ ಜೀವಾನೂ ಬಂದಿರಬಹುದು. ಅಂದ್ರೆ ಮಂಗಳದಲ್ಲಿ ಸಿಗೋರು ನಮ್ಮ ಬೀಗರೇ ಇರಬಹುದು. ಆದ್ರೆ ಗುರು, ಶನಿ ಅಷ್ಟು ದೂರ. ಅಲ್ಲಿಯ ಐಸಿನ ಕೆಳಗಿರೋರ ಜೊತೆ ನಮಗೆ ಬೀಗತನ ಇದ್ದಂಗಿಲ್ಲ. ಅಲ್ಲೊಂದು ಹುಳ ಸಿಕ್ಕಿದ್ರೂ ಅದು ತಾನಾಗೇ, ಬೇರೆಯಾಗೇ ಹುಟ್ಟಿದ್ದು ಅನ್ನಬಹುದು. ಒಂದೇ ಸೂರ್ಯನ ಮನೇಲಿ ಎರಡು ಸಲ ಹುಟ್ಟಿದೆ ಅಂದ್ರೆ, ಹೊರಗಡೆ ಎಷ್ಟು ಸಲ ಹುಟ್ಟಿರಬಹುದು? ಆಗ ಈ ಇಷ್ಟು ದೊಡ್ಡ ಆಕಾಶದಲ್ಲಿ ನಾವು ಒಬ್ಬರೇ ಅಲ್ಲ."

ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ಏನೋ ಕೇಳಿದಳು. ಭಾನುಪ್ರಿಯಾ ಬರೆದರು: ಅಲ್ಲಿಗೆ ಹೋಗಿ ಏನೂ ಸಿಗದಿದ್ದರೆ?

ರಹೀಮರು ಓದಿದರು. ಓದಿ, ಸಭೆಯ ಕಡೆ ತಿರುಗಲಿಲ್ಲ. ಕರಿಹಲಗೆಯ ಕಡೆಗೇ ನಿಂತರು.

ಈ ಪ್ರಶ್ನೆಯನ್ನು ಅವರೇ ಒಮ್ಮೆ ಮೇಷ್ಟ್ರಿಗೆ ಕೇಳಿದ್ದರು. ಎರಡು ವರ್ಷದ ಹಿಂದಿನ ಬೇಸಿಗೆ. ಎರಡು ಕಂಪ್ರೆಸರೂ ಓಡುತ್ತಿದ್ದವು. ಬಲಗಡೆ ನೀರು ಚೆಲ್ಲಿದ್ದರಿಂದ ಮೇಷ್ಟ್ರು ಅಂದು ಎಡಗಡೆ ಕುಳಿತಿದ್ದರು. ಪ್ರಶ್ನೆ ಕೇಳಿ ಮೇಷ್ಟ್ರು ನಿಧಾನವಾಗಿ, ಕೆಳಗಿನ ಹಲಗೆಯನ್ನು ನೋಡುತ್ತಾ, ಬಹಳ ಹೊತ್ತು ಮಾತನಾಡಿದರು. ಅವರ ಕಣ್ಣು ಒದ್ದೆಯಾಗಿತ್ತು. ರಹೀಮರಿಗೆ ಒಂದು ಅಕ್ಷರವೂ ಕೇಳಿಸಲಿಲ್ಲ. ಅಷ್ಟು ಮನಸ್ಸಿಟ್ಟು ಹೇಳಿದವರನ್ನು ಇನ್ನೊಮ್ಮೆ ಹೇಳಿ ಎಂದು ಕೇಳಲು ಸಂಕೋಚವಾಯಿತು. ಮಾತು ಮುಗಿದಾಗ ಮೇಷ್ಟ್ರು ಮುಖ ನೋಡಿದರು. ರಹೀಮರು ತಲೆಯಾಡಿಸಿದರು. "ಹೌದು ಮೇಷ್ಟ್ರೇ" ಎಂದೂ ಅಂದರು.

ಸಭೆ ಕಾಯುತ್ತಿತ್ತು. ಮುದ್ದೆ ಆಗಿರದ ಮನೆಯ ಬಗ್ಗೆ ತಾವೇ ಏನಾದರೂ ಕಟ್ಟಿ ಹೇಳಬಹುದಿತ್ತು. ಇವರಲ್ಲಿ ಯಾರಿಗೆ ಗೊತ್ತಾಗುತ್ತಿತ್ತು?

"ಇದಕ್ಕೆ ಮೇಷ್ಟ್ರು ಉತ್ತರ ಹೇಳಿದ್ರು" ಎಂದರು ರಹೀಮರು. ಈ ಸಲ ಧ್ವನಿ ಎಷ್ಟು ಸಣ್ಣದಾಗಿತ್ತೆಂದರೆ ಮುಂದಿನ ಸಾಲಿನವರೂ ಬಗ್ಗಿದರು. "ನನಗೆ ಕೇಳಿಸಲಿಲ್ಲ. ಕೇಳಿಸ್ದೋನ ಹಂಗೆ ತಲೆಯಾಡಿಸಿದೆ. ಆಮೇಲೆ ಅವರು ಇನ್ನೊಂದ್ಸಲ ಹೇಳಲಿಲ್ಲ, ನಾನು ಕೇಳಲಿಲ್ಲ. ಅದು ಅವರ ಜೊತೇಲೇ ಹೋಯ್ತು. ನನಗೆ ಗೊತ್ತಿಲ್ಲಮ್ಮ."

ಕೈಮುಗಿದು ಕೆಳಗಿಳಿದರು.

ಜನ ಬಂದು ಕೈ ಹಿಡಿದರು, ಹೆಗಲು ತಟ್ಟಿದರು. ಬಾಯಿಗಳು ಅಲ್ಲಾಡಿದವು. ಒಳ್ಳೆಯ ಮಾತುಗಳೇ ಇರಬೇಕು. ಮಕ್ಕಳು ಗಡ್ಡೆಯ ಸುತ್ತ ನೆರೆದು ಅಂಗೈ ಒತ್ತಿ, ಚಳಿಯೆಂದು ಕಿರುಚಿ, ಮತ್ತೆ ಒತ್ತಿದರು. ಭಾನುಪ್ರಿಯಾ ಕರಿಹಲಗೆಯ ಮೇಲಿನ ಉಳಿದ ಪ್ರಶ್ನೆಗಳನ್ನು ಒರೆಸಿದರು. ಕೊನೆಯದನ್ನು ಒರೆಸಲಿಲ್ಲ, ಅದರ ಮುಂದೆ ನಿಂತಿದ್ದ ಆ ಹುಡುಗಿ ತನ್ನ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಊಟಕ್ಕೆ ಇರಿ ಎಂದು ಎಲ್ಲರೂ ಸನ್ನೆ ಮಾಡಿದರು. ರಹೀಮರು ನಿಲ್ಲಲಿಲ್ಲ.

ಹಿಂತಿರುಗುವಾಗ ಆಟೋ ಹಗುರವಾಗಿತ್ತು. ಈ ದಿನ ಹೀಗಾಯಿತೆಂದು, ಕೈ ತನ್ನ ಪಾಡಿಗೆ ತಿರುಳು ತೆಗೆದುಬಿಟ್ಟಿತೆಂದು ಯಾರಿಗೆ ಹೇಳಬೇಕೋ, ಯಾರು ತೊಡೆ ತಟ್ಟಿ ತಟ್ಟಿ ನಗುತ್ತಿದ್ದರೋ, ಅವರೊಬ್ಬರಿಲ್ಲ. ಮೊದಲ ನೌಕೆ ಮುಟ್ಟಲು ಇನ್ನೂ ನಾಲ್ಕು ವರ್ಷ. ಒಬ್ಬರೇ ಕಾಯಬೇಕು.

ಹಿಪ್ಪುನೇರಳೆ ತೋಟಗಳ ನಡುವೆ ಹೋಗುವಾಗ ಚಿರಂಜೀವಿ ರಸ್ತೆ ನೋಡುತ್ತಲೇ ಏನೋ ಹೇಳಿದನು. ಎಂಜಿನ್ನಿನ ಸದ್ದಿನಲ್ಲಿ ತುಟಿ ಅಲ್ಲಾಡಿದ್ದಷ್ಟೇ ರಹೀಮರಿಗೆ ಕಂಡಿತು. ಅವರ ತಲೆ ತಾನಾಗಿಯೇ ಹೌದೆಂದು ಆಡತೊಡಗಿತು. ಅರ್ಧದಲ್ಲಿ ನಿಂತಿತು.

"ಗಾಡಿ ನಿಲ್ಸಪ್ಪ" ಎಂದರು.

ಚಿರಂಜೀವಿ ಗಾಬರಿಯಾಗಿ ಬದಿಗೆ ತೆಗೆದು ಎಂಜಿನ್ ಆರಿಸಿದನು. ರಹೀಮರು ಅವನ ಕಡೆಗೆ ಪೂರ್ತಿ ತಿರುಗಿ, ಬಲಗಿವಿ ಮುಂದೆ ಮಾಡಿದರು.

"ಏನೋ ಹೇಳಿದ್ಯಲ್ಲ, ನಂಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."

"ಅಯ್ಯೋ, ಏನಿಲ್ಲ ಸಾಬ್ರೇ" ಎಂದನು ಚಿರಂಜೀವಿ. "ಈ ಸಲ ಬಿಸ್ಲು ಬೇಗ ಶುರುವಾಯ್ತು ಅಂದೆ."

"ಹೌದಪ್ಪ, ಬೇಗ ಶುರುವಾಯ್ತು" ಎಂದರು ರಹೀಮರು. "ಆಮೇಲೆ?"